ಗ್ಯಾಲರಿಯಲ್ಲೊಬ್ಬ ಅಕ್ಕಸಾಲಿ

ಅಣ್ಣ ತೀರಿಹೋದ ಮೇಲೆ ಹೋಟೆಲಿನವರು ಒಂದು ಸಂತಾಪ ಸಭೆ ಇಟ್ಟಿದ್ದರು. ಡೊಂಬಿವಲಿ ಸ್ಟೇಷನ್ನಿಗೆ ಹತ್ತಿರದ ಆ ಹೋಟೆಲಿನ ಗಲ್ಲೆಯ ಮೇಲೆ ಅವರು ಆಯುಷ್ಯದ ಬಹುಪಾಲು ಕೂತಿದ್ದವರು. ಮಾತಾಡಿದವರೆಲ್ಲ ಆ ಗಲ್ಲೆಯನ್ನೇ ಹೊಗಳಿದರು. ಎಂಥ ವಿನಯ, ಎಂಥ ಪ್ರಾಮಾಣಿಕತೆ, ಗಿರಾಕಿಯ ಮುಖ ನೋಡಿ ಅವನು ತಿಂದದ್ದು ಇಡ್ಲಿಯೋ ಉಪ್ಪಿಟ್ಟೋ ಹೇಳುತ್ತಿದ್ದರು, ಹೀಗೆ. ಒಬ್ಬರಂತೂ ಹೋಟೆಲಿನ ಚರಿತ್ರೆಯನ್ನೇ ಹಿಡಿದು ಕೂತು ಅಣ್ಣನನ್ನು ಮರೆತೇಬಿಟ್ಟರು. ನನ್ನ ಸರದಿ ಬರುವಾಗ ಕಾಫಿಯೂ ಬಂತು. ಕಾಫಿ ಬಂದ ಮೇಲೆ ನಮ್ಮ ಜನ ಯಾರ ಮಾತನ್ನೂ ಕೇಳುವುದಿಲ್ಲ. ನಾನು "ಭಾಳ ಒಳ್ಳೆಯವರು" ಎಂದಷ್ಟೇ ಹೇಳಿ ಕೂತೆ. ಅಣ್ಣ ತಮ್ಮ ಕೊನೆಯ ವರ್ಷಗಳಲ್ಲಿ ಹೆಂಗಸರ ಒಡವೆ ಮಾಡುತ್ತಿದ್ದರು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಗೊತ್ತಿದ್ದವರು ಕೂಡ ಹೇಳಲಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಿತ್ತು. ಆದರೆ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಕೂತವನು ಈ ಊರಿಗೆಲ್ಲ ಅಣ್ಣನೇ. ಮರಾಠಿಯವರಿಗೂ ಅಣ್ಣ, ರಿಕ್ಷಾದವನಿಗೂ ಅಣ್ಣ. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು "ಅಕ್ಕ" ಎನ್ನುತ್ತಿದ್ದರು. ನನಗಿಂತ ಎಷ್ಟೋ ದೊಡ್ಡವರು ನನ್ನನ್ನು ಅಕ್ಕ ಎಂದು ಕರೆದಾಗ ಮೊದಮೊದಲು ನನಗೆ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು. ನಾನು ಧಾರವಾಡದವಳು, ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ಈಗ ನಿವೃತ್ತಳು. ನಮ್ಮ ಅಡುಗೆಮನೆಗೂ ಅವರ ಗ್ಯಾಲರಿಗೂ, ಅಂದರೆ ಬಾಲ್ಕನಿಗೂ, ನಡುವೆ ಒಂದೇ ಗೋಡೆ. ಅದೂ ಬಿಲ್ಡರ್ ಕೈ ಬಿಗಿಹಿಡಿದು ಕಟ್ಟಿದ ಗೋಡೆ. ಅವರ ಮನೆಯ ಸೀನು ನಮ್ಮ ಮನೆಯಲ್ಲಿ ಕೇಳುತ್ತಿತ್ತು.

ಅಣ್ಣನ ಕೈಕೆಲಸ ಎಂದರೆ ಒಂದೇ, ಪಾರ್ಸೆಲ್ ಕಟ್ಟುವುದು. ಗಲ್ಲೆಯ ಮೇಲೆ ಕೂರುವ ಮೊದಲು ಹುಡುಗನಾಗಿದ್ದಾಗ ಅದನ್ನೇ ಮಾಡುತ್ತಿದ್ದರಂತೆ. ಬಾಳೆಎಲೆ, ಅದರ ಮೇಲೆ ಪೇಪರು, ಸುತ್ತ ಬಿಳಿ ದಾರ. ದಾರವನ್ನು ಹಲ್ಲಿನಿಂದ ಕಡಿದು ತುಂಡು ಮಾಡುವಾಗ ಎಡಗಣ್ಣು ತಾನಾಗಿ ಮುಚ್ಚುತ್ತಿತ್ತು. ಗಣೇಶ ಚೌತಿಗೆ ನಮ್ಮ ಮನೆಗೆ ಬರುತ್ತಿದ್ದ ಕಡುಬು ಸಹ ಹಾಗೆಯೇ ಬರುತ್ತಿತ್ತು. "ಬಾಗಿಲಿಂದ ಬಾಗಿಲಿಗೆ ತರ್ಲಿಕ್ಕೆ ದಾರ ಯಾಕ್ರೀ ಅಣ್ಣಾ?" ಎಂದು ನಾನು ಚುಚ್ಚಿದರೆ, "ಬಿಚ್ಚಿ ನೋಡುವ ಖುಷಿ ಬೇಡ್ವಾ ಅಕ್ಕ?" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಅಮ್ಮ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಅಪ್ಪ ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರ, ನನಗೆ ಮಾತ್ರ ಮರಾಠಿಯಲ್ಲಿ "ಕಾಕು", ಅಂದರೆ ಚಿಕ್ಕಮ್ಮ. ಠಾಣೆಯಲ್ಲಿ ಮಾಜಿವಾಡಾದ ಹತ್ತಿರ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮನಸ್ಸು ಮಾತ್ರ ಒಡವೆಯಲ್ಲಿ. ಒಂದು ದಿನ ಕಿತ್ತಳೆ ಬಣ್ಣದ ಮುಚ್ಚಳದ ಒಂದು ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದಳು. ಲೇಸರ್ ಕಟರ್. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಒಳಗೆ ಬೆಳಕಿನ ಒಂದು ಚುಕ್ಕೆ ತೆಳು ಪ್ಲೈವುಡ್ಡನ್ನು ಸುಡುತ್ತಾ ಹೋಗಿ ಆ ಚಿತ್ರವನ್ನೇ ಕೊರೆದು ಕೊಡುತ್ತದೆ. ಮಲ್ಲಿಗೆಯ ಮೊಗ್ಗು, ಮಾವಿನಕಾಯಿ, ನವಿಲು, ಹೆಸರು ಕೊರೆದ ಪದಕ. ಅದಕ್ಕೆ ಬಣ್ಣ ಬಳಿದು, ಕೊಂಡಿ ಸಿಕ್ಕಿಸಿ, ಬಾಳೆಎಲೆಯ ಮೇಲಿಟ್ಟು ಫೋಟೋ ತೆಗೆದು ಫೋನಿನಲ್ಲಿ ಹಾಕುತ್ತಿದ್ದಳು. ಅರಿಶಿಣದ ಶಾಸ್ತ್ರಕ್ಕೆ, ಸೀಮಂತಕ್ಕೆ, ನವರಾತ್ರಿಗೆ ಎಲ್ಲೆಲ್ಲಿಯೋ ಇದ್ದ ಹೆಂಗಸರು ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಿದ್ದರು. ಅವರಲ್ಲಿ ಯಾರೂ ಅವಳ ಮುಖ ನೋಡಿದವರಲ್ಲ. ನೋಡಿದ್ದು ಒಡವೆಯನ್ನು, ಓದಿದ್ದು ಅವಳ ಮೆಸೇಜನ್ನು.

ಸುಟ್ಟ ಕಟ್ಟಿಗೆಯ ವಾಸನೆ ಬರುತ್ತದೆ ಎಂದು ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ತಕರಾರು ತೆಗೆದ. ಮೂರು ಹೊತ್ತು ಬೊಂಬಿಲ್ ಮೀನು ಹುರಿಯುವ ಮನೆಯವನಿಗೆ ಇದೊಂದು ವಾಸನೆಯಂತೆ. ನಾನೇ ಹೋಗಿ ಅವನ ಬಾಯಿ ಮುಚ್ಚಿಸಿ ಬಂದೆ. ಅಣ್ಣ ಹೋಟೆಲಿನಿಂದ ಬಂದವರೇ ಅಂಗಿ ಕಳಚಿ, ಬನಿಯನ್ನಿನಲ್ಲಿ ಗ್ಯಾಲರಿಯ ನೆಲದ ಮೇಲೆ ಕೂತು ಮಗಳ ಜುಮಕಿಗಳನ್ನು ಪಾರ್ಸೆಲ್ ಕಟ್ಟುತ್ತಿದ್ದರು. ಅದೇ ಪೇಪರು, ಅದೇ ದಾರ. ಅದನ್ನು ಬಿಚ್ಚಿದ ಗಿರಾಕಿಗಳಿಗೆ ಒಡವೆಯಷ್ಟೇ ಆ ದಾರವೂ ಹಿಡಿಸಿತಂತೆ. "ಪಪ್ಪಾ ಫೇಮಸ್ ಝಾಲೇ ಕಾಕು" ಎಂದು ಅವಳು ಒಮ್ಮೆ ನನ್ನ ಎದುರು ಹೇಳಿದಾಗ ಅಣ್ಣ ನಾಚಿಕೊಂಡು ಒಳಗೆ ಹೋದರು.

ಒಂದು ಬೆಳಿಗ್ಗೆ ಅವಳು ಆಫೀಸಿಗೆ ಹೊರಟವಳು ದಿವಾ ಸ್ಟೇಷನ್ನಿನ ಹತ್ತಿರ ಲೋಕಲ್ ಗಾಡಿಯ ಬಾಗಿಲಿನಿಂದ ಬಿದ್ದಳು. ಇದಕ್ಕಿಂತ ಹೆಚ್ಚು ನನಗೆ ಬರೆಯಲಾಗುವುದಿಲ್ಲ. ಈ ಕಡೆ ಇರುವವರಿಗೆ ಬಿಡಿಸಿ ಹೇಳುವ ಅಗತ್ಯವೂ ಇಲ್ಲ.

ಉತ್ತರಕ್ರಿಯೆ ಮುಗಿದು, ಊರಿನಿಂದ ಬಂದ ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಗೋಡೆಯ ಆಚೆ ಆ ಯಂತ್ರದ ಫ್ಯಾನು ಗುರ್ ಎಂದಿತು. ನನ್ನ ಕೈಯಲ್ಲಿದ್ದ ಸೌಟು ಜಾರಿ ಬಿತ್ತು. ಓಡಿದೆ. ಅಣ್ಣ, ಆ ಬೆಳಕಿಗೆ ಕಣ್ಣು ಕೆಡದಂತೆ ಮಗಳು ಹಾಕುತ್ತಿದ್ದ ಕಪ್ಪು ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ. ಅಂದು ಒಂದು ಹಲಗೆಗೆ ಬೆಂಕಿಯೇ ಹತ್ತಿತ್ತಂತೆ.

"ಏನ್ ನಡಸೀರಿ ಅಣ್ಣಾ?"

"ಬನ್ನಿ ಅಕ್ಕ. ಇದೊಂದು ಆರ್ಡರ್ ಉಂಟು, ಮುಗಿಸ್ತೇನೆ."

"ಯಾರ ಆರ್ಡರ್ರೀ?"

"ಅವಳದ್ದೇ. ಪಾಪ, ಜನ ಕಾಯ್ತಾ ಇದ್ದಾರೆ. ಬಂದ ಆರ್ಡರನ್ನು ವಾಪಸ್ ಕಳಿಸ್ಲಿಕ್ಕೆ ಆಗ್ತದಾ?"

ಮಗಳು ಎಂದೋ ಒಂದು ರಜೆಯ ದಿನ ತಮಾಷೆಗೆ ಅವರಿಗೆ ಕಲಿಸಿದ್ದಳು. ಇಲ್ಲಿ ಹೆಸರು ಬರೆಯಿರಿ, ಇಲ್ಲಿ ಒತ್ತಿರಿ, ಬಸ್. ಅಷ್ಟೇ ಅವರಿಗೆ ಗೊತ್ತಿದ್ದದ್ದು. ಅವಳು ಬರೆದಿಟ್ಟ ಚಿತ್ರಗಳನ್ನು ಕೊರೆಯುತ್ತಿದ್ದರು, ಹೆಸರು ಮಾತ್ರ ಬದಲಿಸುತ್ತಿದ್ದರು. ಹೊಸದೊಂದು ಎಲೆ ಬರೆಯಲೂ ಬರುತ್ತಿರಲಿಲ್ಲ. ಹಲಗೆಯ ಎರಡೂ ಬದಿಗೆ ಕಾಗದದ ಟೇಪು ಅಂಟಿಸಬೇಕು, ಇಲ್ಲದಿದ್ದರೆ ಹೊಗೆಯ ಕಲೆ ಕೂರುತ್ತದೆ. ಕೊರೆದ ಮೇಲೆ ಆ ಟೇಪನ್ನು ಉಗುರಿನಿಂದ ಎಬ್ಬಿಸಿ ತೆಗೆಯಬೇಕು. ಅಂಚಿನ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಅಣ್ಣನ ಉಗುರುಗಳು ಕಪ್ಪಾದವು. ಸೂಕ್ಷ್ಮ ಮೊಗ್ಗುಗಳು ಅವರ ದಪ್ಪ ಬೆರಳಿನಲ್ಲಿ ಪಟಕ್ಕನೆ ಮುರಿಯುತ್ತಿದ್ದವು. ಮುರಿದದ್ದನ್ನು ಎಸೆಯದೆ ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದರು.

ಗಿರಾಕಿಗಳಿಗೆ ಉತ್ತರ ಬರೆಯುವುದೂ ಅವರೇ. ಮಗಳ ಫೋನಿನಲ್ಲಿ, ಮಗಳ ಹೆಸರಿನಲ್ಲಿ. ಒಮ್ಮೆ ನನಗೆ ತೋರಿಸಿದರು. "ನೋಡಿ, ಎಲ್ಲರಿಗೂ ಡಿಯರ್ ಅಂತ ಬರೀಬೇಕು. ಅವಳು ಹಾಗೇ ಬರಿಯುದು. ಕೊನೆಗೊಂದು ಕೆಂಪು ಹಾರ್ಟು." ಗಲ್ಲೆಯ ಮೇಲೆ ಅಷ್ಟು ವರ್ಷ ಗಂಭೀರವಾಗಿ ಕೂತ ಮನುಷ್ಯ, ಬಿಳಿ ಮೀಸೆಯವರು, ಕಲ್ಯಾಣದ ಯಾವುದೋ ಹುಡುಗಿಗೆ "ಶ್ಯೂರ್ ಡಿಯರ್" ಎಂದು ಬರೆದು ಹಾರ್ಟು ಒತ್ತುತ್ತಿದ್ದರು. ನನಗೆ ನಗು ಬಂತು, ನಗಲಿಲ್ಲ.

"ಅಣ್ಣಾ, ಆ ಮಂದಿಗೆ ಹೇಳ್ಬೇಕಲ್ರೀ."

"ಎಂಥ ಹೇಳುದು?" ಎಂದು ಅವರು ನನ್ನ ಮುಖ ನೋಡಿದರು. ನಿಜವಾಗಿ ಅರ್ಥವಾಗದವರ ಹಾಗೆ ನೋಡಿದರು. ನಾನು ಎದ್ದು ಬಂದೆ.

ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಮಾತು ಕಡಿಮೆ, ಕೆಲಸ ಹೆಚ್ಚು. ಅವರು ಒಂದು ದಿನ ನಮ್ಮ ಅಡುಗೆಮನೆಗೆ ಬಂದು, ಹಿಟ್ಟಿನ ಡಬ್ಬಿಯ ಮೇಲೆ ಕೂತು, "ಅಕ್ಕ, ನಮ್ಮ ಮನೆಯಲ್ಲಿ ಅವಳ ಬೊಜ್ಜ ಆಗಿದೆ, ಕ್ರಿಯೆಯ ಊಟ ಹಾಕಿ ಆಗಿದೆ. ಇವರು ನೋಡಿದ್ರೆ ಅವಳ ಹೆಸರಲ್ಲಿ ಹಾಯ್ ಅಂತ ಬರೀತಾರೆ. ನಾನು ಯಾವುದನ್ನು ನಂಬುದು?" ಎಂದರು. ನಾನು ಚಹಾ ಕೊಟ್ಟೆ.

ವರ್ಷ ಕಳೆದ ಮೇಲೆ ವೈನಿ ಇನ್ನೊಂದು ಮಾತು ತಂದರು. ಮದುವೆಯಾಗದೆ ಸತ್ತವರಿಗೆ ಅವರ ಕಡೆ ಮದುವೆ ಮಾಡುತ್ತಾರಂತೆ, ಕುಲೆ ಮದಿಮೆ ಎಂದು ಅದಕ್ಕೆ ಹೆಸರು. ಹಾಗೆಯೇ ಸತ್ತ ಹುಡುಗನನ್ನು ಹುಡುಕಿ, ಜಾತಕ ಕೂಡಿಸಿ, ಎರಡೂ ಮನೆಯವರು ಕೂಡಿ ಎಲ್ಲ ಶಾಸ್ತ್ರ ಮಾಡಿ, ಹುಡುಗಿಯನ್ನು ಆ ಮನೆಗೆ ಕಳಿಸಿಕೊಡುತ್ತಾರೆ. ಧಾರವಾಡದ ನಾನು ಇದನ್ನು ಕೇಳಿದ್ದೇ ಅಂದು. ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಇಲ್ಲೇ ಕಾಮೋಠೆಯಲ್ಲಿ ಕಾರ್ಕಳದ ಕಡೆಯವರೊಬ್ಬರ ಮಗ ಕಿಡ್ನಿ ಕೆಟ್ಟು ತೀರಿಕೊಂಡಿದ್ದ. ಅವರೂ ಹುಡುಗಿಯನ್ನು ಹುಡುಕುತ್ತಿದ್ದರು. ಜಾತಕವೂ ಕೂಡಿತ್ತು. ಆದರೆ ಧಾರೆ ಎರೆಯಲು ತಂದೆ ಬೇಕು. ಆ ಮಾತೆತ್ತಿದರೆ ಅಣ್ಣ ಎದ್ದು ಗ್ಯಾಲರಿಗೆ ಹೋಗಿ ಯಂತ್ರ ಹಚ್ಚುತ್ತಿದ್ದರು. ಆ ಸದ್ದಿನ ಮೇಲೆ ಯಾರ ಮಾತೂ ಕೇಳುತ್ತಿರಲಿಲ್ಲ.

"ಇವೆಲ್ಲ ಬೇಕಾ ವೈನಿ?" ಎಂದೆ ನಾನು.

"ಅವಳಿಗೆ ಹೋಗ್ಲಿಕ್ಕೆ ಒಂದು ಮನೆ ಬೇಡ್ವಾ ಅಕ್ಕ? ಗಾಡಿ ಹತ್ತಿದವಳು ಆಫೀಸಿಗೂ ಮುಟ್ಲಿಲ್ಲ, ಮನೆಗೂ ಬರ್ಲಿಲ್ಲ. ಎಲ್ಲಿ ಅಂತ ನಿಲ್ಲುದು ಅವಳು? ಇವರು ಹೀಗೆ ಹಿಡ್ಕೊಂಡು ಕೂತ್ರೆ ಅವಳು ಹೋಗುದಾದ್ರೂ ಹೇಗೆ?"

ನಂಬಿಕೆ ನನ್ನದಲ್ಲ, ಆದರೆ ಆ ಹೆಂಗಸಿನ ಸಂಕಟ ನನಗೆ ಅರ್ಥವಾಯಿತು. ವೈನಿ ಸೊಂಟದಿಂದ ತಮ್ಮ ಫೋನು ತೆಗೆದು ನನ್ನ ಮುಂದೆ ಇಟ್ಟರು. "ನನ್ನ ಮಾತು ಇವರು ಕೇಳುದಿಲ್ಲ. ಆರ್ಡರ್ ಆದ್ರೆ ಕೇಳ್ತಾರೆ. ನೀವೊಂದು ಬರ್ದು ಕೊಡಿ."

ಅವರು ಹೇಳಿದರು, ನಾನು ಬರೆದೆ. "ನನ್ನ ಮಗಳ ಮದುವೆ. ಪೂರಾ ಸೆಟ್ಟು ಬೇಕು." ಅಷ್ಟೇ. ಕಳಿಸುವ ಬಾಣವನ್ನು ವೈನಿಯೇ ಒತ್ತಿದರು. ಗೋಡೆಯ ಆಚೆ ಗ್ಯಾಲರಿಯಲ್ಲಿ ಟಿಂಗ್ ಎಂದದ್ದು ಯಂತ್ರದ ಸದ್ದಿನಲ್ಲೂ ನಮಗೆ ಕೇಳಿತು. ಮಗಳ ಫೋನಿನಲ್ಲಿ ಈ ನಂಬರು "ಅಮ್ಮ" ಎಂದು ಇತ್ತು. ಅದು ನನಗೆ ಆಗ ನೆನಪಾಯಿತು. ಆಚೆ ಯಂತ್ರದ ಸದ್ದು ನಿಂತಿತು. ಕುಕ್ಕರು ಕೂಗಿತು, ನಾನು ಏಳಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ವೈನಿಯ ಫೋನಿನಲ್ಲಿ, ಮಗಳ ಹೆಸರಿನ ಕೆಳಗೆ ಉತ್ತರ ಬಂತು. "ಹುಡುಗಿಯ ಹೆಸರು?"

ಎಲ್ಲ ಗಿರಾಕಿಗಳನ್ನೂ ಕೇಳುವ ಪ್ರಶ್ನೆಯೇ ಅದು. ಪದಕದಲ್ಲಿ ಕೊರೆಯಲು ಹೆಸರು ಬೇಕಲ್ಲ. ನಾನು ಬರೆಯಲು ಹೋದೆ. ವೈನಿ ಫೋನು ಕಸಿದುಕೊಂಡರು. "ಇದು ನಾನೇ ಬರೀತೇನೆ." ಎಂದೂ ಟೈಪು ಮಾಡದ ಹೆಂಗಸು, ಒಂದೊಂದೇ ಅಕ್ಷರ ಹುಡುಕಿ, ತಪ್ಪಿದ್ದನ್ನು ಅಳಿಸಿ, ಮಗಳ ಹೆಸರನ್ನು ಬರೆದು ಕಳಿಸಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ.

ಅಂದು ಉತ್ತರ ಬರಲಿಲ್ಲ. ಯಂತ್ರವೂ ಶುರುವಾಗಲಿಲ್ಲ. ಅಣ್ಣ ಊಟಕ್ಕೆ ಬಂದು, ಸಾರು ಕೇಳಿ ಹಾಕಿಸಿಕೊಂಡು, ಉಂಡು ಎದ್ದು ಹೋದರಂತೆ. ಮರುದಿನ ಬೆಳಿಗ್ಗೆ ವೈನಿ ನನ್ನ ಬಾಗಿಲು ಬಡಿದು ಫೋನು ತೋರಿಸಿದರು. "ಶ್ಯೂರ್ ಡಿಯರ್" ಎಂದಿತ್ತು. ಹಾರ್ಟು ಇರಲಿಲ್ಲ.

ಆ ಸೆಟ್ಟನ್ನು ಅವರು ಮಾಡಿದ ರೀತಿಯನ್ನು ನಾನು ನೋಡಿದ್ದೇನೆ. ಹೊಸ ಹಲಗೆ ತರಿಸಿದರು, ಇದ್ದುದರಲ್ಲೇ ಎಲ್ಲಕ್ಕಿಂತ ತೆಳುವಾದದ್ದು. ಮಗಳ ಚಿತ್ರಗಳಲ್ಲಿ ಮಲ್ಲಿಗೆ ಮೊಗ್ಗಿನದನ್ನೇ ಆರಿಸಿದರು. ಹಾರ, ಬೈತಲೆ ಬೊಟ್ಟು, ಬಳೆ, ಜುಮಕಿ. ಒಂದು ಅಂಚು ಕಪ್ಪಾದರೂ ತೆಗೆದಿಡುವುದು, ಮತ್ತೆ ಕೊರೆಯುವುದು. ಬಂಗಾರದ ಬಣ್ಣವನ್ನು ಸಣ್ಣ ಕುಂಚದಲ್ಲಿ ಬಳಿಯುವಾಗ ಕೈ ನಡುಗದಿರಲಿ ಎಂದು ಮೊಣಕೈಯನ್ನು ಮಣೆಯ ಮೇಲೆ ಊರಿಕೊಳ್ಳುತ್ತಿದ್ದರು. ಹೆಸರಿನ ಪದಕ ಮೊದಲ ಸಲಕ್ಕೇ ಚೆನ್ನಾಗಿ ಬಂತು. ಆದರೂ ಮತ್ತೆ ಕೊರೆದರು. ಮತ್ತೆಯೂ ಕೊರೆದರು.

"ಚಲೋ ಬಂದದಲ್ರೀ ಅಣ್ಣಾ, ಇನ್ನ ಯಾಕ?"

"ಇನ್ನೊಂದು ನೋಡುವ ಅಕ್ಕ."

ಬೆಳಕಿನ ಚುಕ್ಕೆ ಮಗಳ ಹೆಸರಿನ ಮೇಲೆ ನಿಧಾನವಾಗಿ ಓಡುವುದನ್ನು ಕಪ್ಪು ಕನ್ನಡಕದ ಹಿಂದಿನಿಂದ ನೋಡುತ್ತಾ ಕೂರುತ್ತಿದ್ದರು. ಅದು ಮುಗಿಯುವುದು ಅವರಿಗೆ ಬೇಕಿರಲಿಲ್ಲ. ಮದುವೆಗೆ ಬರುತ್ತೀರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಮದುವೆಯ ದಿನ ಬೆಳಿಗ್ಗೆ ಬಿಳಿ ಪಂಚೆ ಉಟ್ಟು, ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪಾರ್ಸೆಲನ್ನು ಹಿಡಿದು ತಾವೇ ನಮ್ಮ ಬಾಗಿಲಿಗೆ ಬಂದು ನಿಂತರು. "ಟ್ಯಾಕ್ಸಿ ಬಂತು. ಹೊರಡುವನಾ?" ಎಂದರು. ದಾರಿಯುದ್ದಕ್ಕೂ ಆ ಪಾರ್ಸೆಲ್ ಅವರ ತೊಡೆಯ ಮೇಲಿತ್ತು. ಹೊಂಡಗಳು ಬಂದಾಗ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿಯುತ್ತಿದ್ದರು.

ಕಾಮೋಠೆಯ ಆ ಫ್ಲ್ಯಾಟಿನಲ್ಲಿ ಸೋಫಾಗಳನ್ನೆಲ್ಲ ಒಳಗೆ ಸರಿಸಿ ಹಾಲ್ ಖಾಲಿ ಮಾಡಿದ್ದರು. ಬಾಗಿಲಿಗೆ ಮಾವಿನ ತೋರಣ, ಫೋನಿನಲ್ಲಿ ನಾದಸ್ವರ, ಬಂದವರಿಗೆ ಕಾಫಿ. "ಹುಡುಗಿ ಕಡೆಯವರು ಈಚೆ ಬನ್ನಿ" ಎಂದು ಯಾರೋ ನನ್ನನ್ನೂ ಕರೆದು ಕೂರಿಸಿದರು. ಎಲ್ಲ ಮದುವೆಮನೆಯಂತೆಯೇ ಇತ್ತು. ನಡುವೆ ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಶರ್ಟು, ಹುಡುಗನ ಕೈಗಡಿಯಾರ. ಇನ್ನೊಂದರ ಮೇಲೆ ವೈನಿ ತಂದ ಧಾರೆ ಸೀರೆಯನ್ನು ನೆರಿಗೆ ಹಿಡಿದು ಹೊದಿಸಿದ್ದರು. ಶಾಸ್ತ್ರ ಮಾಡಿಸುತ್ತಿದ್ದ ಹಿರಿಯರು, "ಹುಡುಗಿಗೆ ಶೃಂಗಾರ ಮಾಡಿ" ಎಂದರು.

ಅಣ್ಣ ಮುಂದೆ ಬಂದು ದಾರವನ್ನು ಹಲ್ಲಿನಿಂದ ಕಡಿದರು. ಹಾರವನ್ನು ಕುರ್ಚಿಯ ಬೆನ್ನಿಗೆ ಹಾಕಿ, ಹೆಸರಿನ ಪದಕ ಸೀರೆಯ ಮೇಲೆ ನೆಟ್ಟಗೆ ಕೂರುವಂತೆ ಸರಿಮಾಡಿದರು. ಬೈತಲೆ ಬೊಟ್ಟನ್ನು ಮೇಲೆ ಇಟ್ಟರು. ಬಳೆಗಳನ್ನು ಮಡಿಲಿನ ಜಾಗದಲ್ಲಿ ಇಟ್ಟರು. 'ಎಷ್ಟು ಚೆಂದ' ಎಂದು ಹೆಂಗಸರು ಪಿಸುಗುಟ್ಟಿದರು. ಉಳಿದದ್ದು ಜುಮಕಿ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅಣ್ಣ ಕುರ್ಚಿಯ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಬಗ್ಗಿದರು, ಮತ್ತೆ ನೇರ ನಿಂತರು. ಆಮೇಲೆ ಹಿಂದೆ ತಿರುಗಿ ನನ್ನನ್ನು ಹುಡುಕಿದರು.

"ಇದನ್ನು ಎಲ್ಲಿ ಹಾಕುದು ಅಕ್ಕ?"

ಹುಡುಗನ ತಾಯಿ ಹತ್ತಿರ ಬಂದು, "ಸೆರಗಿಗೆ ಸಿಕ್ಕಿಸಿ ಅಣ್ಣ, ಏನೂ ತೊಂದರೆ ಇಲ್ಲ" ಎಂದು ಮೆಲ್ಲಗೆ ಹೇಳಿದರು.

"ಸೆರಗಿಗಲ್ಲ, ಇದು ಕಿವಿಗೆ ಮಾಡಿದ್ದು" ಎಂದರು ಅಣ್ಣ. "ಭಾರ ಆಗ್ಬಾರ್ದು ಅಂತ ಇದ್ದುದರಲ್ಲೇ ತೆಳು ಹಲಗೆ ತಂದೆ. ಕೊಂಡಿ ಚುಚ್ಚಬಾರ್ದು ಅಂತ ತಿಕ್ಕಿ ತಿಕ್ಕಿ ನಯ ಮಾಡಿದೆ. ಕಿವಿಯೇ ಇಲ್ಲ ಅಂತ ನನಗೆ ಹೊಳೀಲೇ ಇಲ್ಲ. ಅಕ್ಕ, ಅವಳಿಗೆ ಕಿವಿಯೇ ಇಲ್ಲ ಅಲ್ವಾ?"

ಆಗ ಅವರು ಅತ್ತರು. ಮಗಳು ಹೋದ ದಿನವೂ ಅಳದವರು, ಅಪರಿಚಿತರ ನಡುಮನೆಯಲ್ಲಿ, ಬಾಯಿ ತೆರೆದು ಮಗುವಿನ ಹಾಗೆ ಅತ್ತರು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಹುಡುಗನ ತಂದೆ ಗೋಡೆಗೆ ಮುಖ ಮಾಡಿ ನಿಂತರು. ಯಾರೋ ನಾದಸ್ವರ ಆರಿಸಿದರು. ಅಣ್ಣನ ದನಿ ಇಳಿಯುವವರೆಗೆ ಕಾದು ಆ ಹಿರಿಯರು ಸೀರೆಯ ಸೆರಗನ್ನೂ ಪಂಚೆಯ ತುದಿಯನ್ನೂ ಸೇರಿಸಿ ಗಂಟು ಹಾಕಿದರು. ಅದರ ಮೇಲೆ ತಂದೆ ತಾಯಿ ಕೂಡಿ ನೀರು ಎರೆಯಬೇಕು. ವೈನಿ ತಂಬಿಗೆ ಹಿಡಿದು ಬಂದು, "ಬನ್ನಿ, ಧಾರೆಗೆ ಹೊತ್ತಾಯ್ತು" ಎಂದರು.

ಅಣ್ಣನ ಎರಡೂ ಕೈ ಮುಷ್ಟಿಯಾಗಿದ್ದವು. ಒಳಗೆ ಜುಮಕಿ. ಕೇಳಿದರೆ ಕೊಡಲಿಲ್ಲ, ಮುಷ್ಟಿಯನ್ನು ಎದೆಗೆ ಒತ್ತಿಕೊಂಡರು. ವೈನಿ ತಂಬಿಗೆಯನ್ನು ನೆಲದ ಮೇಲಿಟ್ಟು, ಗಂಡನ ಕೈ ಹಿಡಿದು, ಮಸಿ ಹತ್ತಿದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಂದು ಜುಮಕಿ ಸಿಕ್ಕಿತು, ಇನ್ನೊಂದೂ ಸಿಕ್ಕಿತು. ಎರಡನ್ನೂ ತಮ್ಮ ಸೆರಗಿನ ತುದಿಗೆ ಕಟ್ಟಿಕೊಂಡು ಅವರ ಕೈಗೆ ತಂಬಿಗೆ ಕೊಟ್ಟರು. ಅಣ್ಣ ನೀರು ಬಿಟ್ಟರು.